ಐದು ಕಿಲೋಮೀಟರ್ ಆಳದಲ್ಲಿ ಕದಡಿದ ಮಣ್ಣು ಎಲ್ಲಿಗೆ ಹೋಗುತ್ತದೆ?

2021ರ ಏಪ್ರಿಲ್‌ನಲ್ಲಿ ಹಿಂದೂ ಮಹಾಸಾಗರದ ನಡುವೆ, 5,270 ಮೀಟರ್ ಆಳದ ನೆಲದ ಮೇಲೆ, ಸಮುದ್ರತಳದ ಗಣಿಗಾರಿಕೆಗೆಂದು ಮಾಡಿದ ಒಂದು ಯಂತ್ರ ಓಡಾಡಿತು. ಅದರ ಹೆಸರು ವರಾಹ. ಪರೀಕ್ಷೆ ನಡೆಸಿದ್ದು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ. ಎರಡು ತಿಂಗಳ ನಂತರ ಕೇಂದ್ರ ಸರ್ಕಾರ 4,077 ಕೋಟಿ ರೂಪಾಯಿಯ ಆಳ ಸಾಗರ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂವರನ್ನು 6,000 ಮೀಟರ್ ಆಳಕ್ಕೆ ಇಳಿಸಲಿರುವ ‘ಮತ್ಸ್ಯ 6000’ ನೌಕೆಯೂ ಇದೇ ಯೋಜನೆಯದ್ದು. ಆಗಿನಿಂದ ಸಮುದ್ರತಳದ ಗಣಿಗಾರಿಕೆಯ ಮಾತು ಪೇಪರಿನಲ್ಲಿ, ಟಿವಿಯಲ್ಲಿ ಆಗಾಗ ಬರುತ್ತಿದೆ.

ಈ ಸುದ್ದಿಗಳಲ್ಲಿ ಒಂದು ಪ್ರಶ್ನೆ ಬಂದು ಬಂದು ಹೋಗುತ್ತದೆ, ಆದರೆ ಯಾರೂ ಬಿಡಿಸಿ ಹೇಳುವುದಿಲ್ಲ. ಅಷ್ಟು ಆಳದಲ್ಲಿ ಯಂತ್ರ ಓಡಿದರೆ ಮಣ್ಣು ಏಳುತ್ತದೆ ಅಲ್ವಾ? ಎದ್ದ ಮಣ್ಣು ಏನಾಗುತ್ತದೆ? ಅಲ್ಲೇ ಕೂರುತ್ತದಾ, ದೂರ ಹೋಗುತ್ತದಾ? ಉತ್ತರ ಬೇಕಿದ್ದರೆ ಎರಡು ವಿಷಯ ಗೊತ್ತಿರಬೇಕು. ಒಂದು, ಕಣ ಎಷ್ಟು ವೇಗವಾಗಿ ಕೆಳಗೆ ಬೀಳುತ್ತದೆ. ಇನ್ನೊಂದು, ಅದು ಬೀಳುವಷ್ಟರಲ್ಲಿ ನೀರು ಅದನ್ನು ಎಲ್ಲಿಗೆ ಒಯ್ಯುತ್ತದೆ. ಎರಡೂ ಬಹಳ ನಿಧಾನದ ಕೆಲಸ. ಲೆಕ್ಕ ಕಷ್ಟವಾಗುವುದೇ ಅದಕ್ಕೆ.

ಮೊದಲು ಜಾಗದ ಪರಿಚಯ

ಸಮುದ್ರದ ತಳ ಚಪ್ಪಟೆಯಾದ ಅಂಗಳ ಅಲ್ಲ. ಅಲ್ಲಿ ಬೆಟ್ಟಸಾಲುಗಳಿವೆ, ಅವುಗಳ ನಡುವೆ ದೊಡ್ಡ ದೊಡ್ಡ ತಗ್ಗುಗಳಿವೆ. ಒಂದೊಂದು ತಗ್ಗನ್ನು ಒಂದೊಂದು ಬೋಗುಣಿ ಎಂದುಕೊಳ್ಳಿ. ನಮ್ಮ ಕಥೆ ನಡೆಯುವುದು ಮಧ್ಯ ಹಿಂದೂ ಮಹಾಸಾಗರದ ಬೋಗುಣಿಯಲ್ಲಿ. ಶ್ರೀಲಂಕಾದಿಂದ ದಕ್ಷಿಣಕ್ಕೆ ಹೋಗಿ, ಭೂಮಧ್ಯರೇಖೆ ದಾಟಿದರೆ ಅದರ ನಟ್ಟನಡುವೆ ಬರುತ್ತೀರಿ.

ಇದರ ಪೂರ್ವದ ಗೋಡೆ ನೈಂಟಿಈಸ್ಟ್ ಬೆಟ್ಟಸಾಲು. 90 ಡಿಗ್ರಿ ಪೂರ್ವ ರೇಖಾಂಶದ ಗುಂಟ, ಗೆರೆ ಎಳೆದ ಹಾಗೆ ನೆಟ್ಟಗೆ, ಸುಮಾರು 5,000 ಕಿಲೋಮೀಟರ್ ಹೋಗುವ ಸಾಲು ಅದು. ಪಶ್ಚಿಮಕ್ಕೂ ದಕ್ಷಿಣಕ್ಕೂ ಬೇರೆ ಬೆಟ್ಟಸಾಲುಗಳಿವೆ. ಉತ್ತರದಲ್ಲಿ ಗೋಡೆ ಇಲ್ಲ. ಅಲ್ಲಿ ಗಂಗಾ, ಬ್ರಹ್ಮಪುತ್ರ ನದಿಗಳು ಲಕ್ಷಾಂತರ ವರ್ಷಗಳಿಂದ ತಂದು ಸುರಿದ ಹೂಳು ಬೀಸಣಿಗೆಯಂತೆ ಹರಡಿ ಭೂಮಧ್ಯರೇಖೆಯನ್ನೂ ದಾಟಿ ಬಂದಿದೆ.

ಆ ಹೂಳು ಮುಗಿಯುವಲ್ಲಿಂದ ದಕ್ಷಿಣಕ್ಕೆ, 10 ಡಿಗ್ರಿ ದಕ್ಷಿಣ ಅಕ್ಷಾಂಶದಿಂದ ಆಚೆಗೆ, ತಳದ ಮೇಲೆ ಕಪ್ಪು ಗಡ್ಡೆಗಳು ಬಿದ್ದಿವೆ. ಆಲೂಗಡ್ಡೆ ಗಾತ್ರ. ಒಂದು ಶಾರ್ಕಿನ ಹಲ್ಲೋ, ಕಲ್ಲಿನ ಚೂರೋ ನಡುವೆ ಇದ್ದು, ಅದರ ಸುತ್ತ ಪದರ ಪದರವಾಗಿ ಲೋಹ ಕೂತು ಆದದ್ದು. ಮ್ಯಾಂಗನೀಸ್, ನಿಕಲ್, ತಾಮ್ರ, ಕೋಬಾಲ್ಟ್ ಇವೆ. ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತವೆ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿರುವ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದ ಜೊತೆ 2002ರಲ್ಲಿ ಆದ ಒಪ್ಪಂದದಂತೆ ಇಲ್ಲಿ 75,000 ಚದರ ಕಿಲೋಮೀಟರ್ ಜಾಗದಲ್ಲಿ ಹುಡುಕಾಟ ನಡೆಸುವ ಹಕ್ಕು ಭಾರತಕ್ಕಿದೆ. ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜಾಗ. ಹಕ್ಕು ಇರುವುದು ಹುಡುಕುವುದಕ್ಕೆ ಮಾತ್ರ, ಗಣಿ ಮಾಡುವುದಕ್ಕಲ್ಲ. ಸುದ್ದಿಯಲ್ಲಿ ಈ ಎರಡೂ ಆಗಾಗ ಬೆರೆತುಹೋಗುತ್ತವೆ.

ನೀರಿನಲ್ಲಿರುವ ಧೂಳು

ಸಮುದ್ರದ ನೀರಿನಲ್ಲಿ ಕರಗದೆ ತೇಲುತ್ತಿರುವ ಸಣ್ಣ ಚೂರುಗಳೇ ತೇಲುಕಣ. ಉಪ್ಪು ಇದರಲ್ಲಿ ಸೇರುವುದಿಲ್ಲ, ಅದು ಕರಗಿದೆ. ತೇಲುಕಣ ಅಂದರೆ ನದಿ ತಂದ ಜೇಡಿ, ಗಾಳಿ ತಂದ ಮರುಭೂಮಿಯ ಧೂಳು, ಸತ್ತ ಸೂಕ್ಷ್ಮಜೀವಿಗಳ ಚಿಪ್ಪು, ಸಣ್ಣ ಪ್ರಾಣಿಗಳ ಹಿಕ್ಕೆ, ತಳದಿಂದ ಮತ್ತೆ ಎದ್ದ ಮಣ್ಣು.

ಆಳದಲ್ಲಿ ಇದು ಎಷ್ಟಿರುತ್ತದೆ? ದಡದಿಂದ ದೂರ, ನೀರು ತೀರಾ ತಿಳಿಯಾಗಿರುವ ಕಡೆ ಲೀಟರಿಗೆ ಸುಮಾರು 10 ಮೈಕ್ರೋಗ್ರಾಮ್. ಈ ಅಂಕಿ ಸುಮ್ನೆ ಓದಿದರೆ ಮನಸ್ಸಿಗೆ ನಾಟುವುದಿಲ್ಲ. ಬೆಂಗಳೂರಿನಲ್ಲಿ ಬೇಸಿಗೆಯಲ್ಲಿ ಓಡಾಡುವ 12,000 ಲೀಟರಿನ ನೀರಿನ ಟ್ಯಾಂಕರ್ ನೆನಪಿಸಿಕೊಳ್ಳಿ. ಅಂಥ ಎಂಟು ಟ್ಯಾಂಕರ್ ನೀರು ಸೋಸಿದರೆ ಸಿಗುವುದು ಒಂದು ಗ್ರಾಂ ಮಣ್ಣು. ನಾವು ಕುಡಿಯುವ ನೀರಿನಲ್ಲೂ ಇದಕ್ಕಿಂತ ಜಾಸ್ತಿ ಕಣ ಇರುತ್ತದೆ.

ಒಂದು ಬಾಟಲಿಯ ಪ್ರಯೋಗ

ಒಂದು ಪಾರದರ್ಶಕ ಬಾಟಲಿಗೆ ಎರಡು ಚಮಚ ತೋಟದ ಮಣ್ಣು ಹಾಕಿ, ನೀರು ತುಂಬಿ, ಜೋರಾಗಿ ಕುಲುಕಿ ಕಿಟಕಿಯ ಹತ್ತಿರ ಇಡಿ. ಮರಳು ನೀವು ಕೈ ತೆಗೆಯುವಷ್ಟರಲ್ಲಿ ತಳ ಸೇರಿರುತ್ತದೆ. ಅದರ ಮೇಲೆ ನುಣ್ಣನೆಯ ಮಣ್ಣು ನಿಮಿಷಗಳಲ್ಲಿ, ಗಂಟೆಗಳಲ್ಲಿ ಕೂರುತ್ತದೆ. ಮಾರನೇ ದಿನ ಬೆಳಿಗ್ಗೆ ನೋಡಿದರೂ ಮೇಲಿನ ನೀರು ಪೂರ್ತಿ ತಿಳಿಯಾಗಿರುವುದಿಲ್ಲ. ಆ ಮಸುಕು ಜೇಡಿಮಣ್ಣಿನದ್ದು.

ಕಾರಣವನ್ನು 1851ರಲ್ಲಿ ಜಾರ್ಜ್ ಸ್ಟೋಕ್ಸ್ ಎಂಬ ಭೌತವಿಜ್ಞಾನಿ ಲೆಕ್ಕ ಹಾಕಿ ತೋರಿಸಿದರು. ಸಣ್ಣ ಕಣದ ಅಡ್ಡಳತೆ ಅರ್ಧವಾದರೆ ಅದು ಬೀಳುವ ವೇಗ ಕಾಲು ಭಾಗವಾಗುತ್ತದೆ. ಅಡ್ಡಳತೆ ಹತ್ತರಲ್ಲಿ ಒಂದಾದರೆ ವೇಗ ನೂರರಲ್ಲಿ ಒಂದು. ಕಣ ಸಣ್ಣದಾದಷ್ಟೂ ನೀರು ಅದಕ್ಕೆ ಜೇನುತುಪ್ಪದ ಹಾಗೆ ಅಂಟುತ್ತದೆ ಎಂದುಕೊಳ್ಳಿ.

ಈ ಲೆಕ್ಕವನ್ನು ಸಮುದ್ರಕ್ಕೆ ಹಚ್ಚಿ ನೋಡೋಣ. 0.1 ಮಿಲಿಮೀಟರಿನ ಸಣ್ಣ ಮರಳಿನ ಕಣ 5,000 ಮೀಟರ್ ಇಳಿಯಲು ಹತ್ತು ಹನ್ನೊಂದು ದಿನ ಸಾಕು. 2 ಮೈಕ್ರಾನಿನ ಜೇಡಿಕಣ, ಅಂದರೆ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೇ ಒಂದು ಪಾಲು, ದಿನಕ್ಕೆ 20 ಸೆಂಟಿಮೀಟರ್ ಇಳಿಯುತ್ತದೆ. ಒಂದು ಗೇಣಿನಷ್ಟು. 5,000 ಮೀಟರ್ ಇಳಿಯಲು ಸುಮಾರು 70 ವರ್ಷ ಬೇಕು, ಒಂದು ಮನುಷ್ಯನ ಆಯುಷ್ಯ. ಅಷ್ಟರಲ್ಲಿ ಸೆಕೆಂಡಿಗೆ ಒಂದೇ ಸೆಂಟಿಮೀಟರ್ ಹರಿಯುವ ನೀರು ಕೂಡ ಅದನ್ನು 20,000 ಕಿಲೋಮೀಟರ್ ಒಯ್ದುಬಿಡಬಲ್ಲದು!

ಹಾಗಿದ್ದರೆ ಯಾವ ಕಣವೂ ತಾನು ಹೊರಟ ಜಾಗದ ಕೆಳಗೆ ಬೀಳಬಾರದು. ಆದರೆ ಸಮುದ್ರತಳದ ಕೆಸರನ್ನು ತೆಗೆದು ನೋಡಿದರೆ, ಮೇಲಿನ ನೀರಿನಲ್ಲಿ ಯಾವ ಜೀವಿಗಳಿವೆಯೋ ಹೆಚ್ಚುಕಡಿಮೆ ಅವುಗಳದೇ ಚಿಪ್ಪು ಕೆಳಗೂ ಸಿಗುತ್ತದೆ. ಇದು ಹೇಗೆ?

ಕಣಗಳು ಒಂಟಿಯಾಗಿ ಬೀಳುವುದಿಲ್ಲ, ಅದಕ್ಕೆ. ಮೇಲಿನ ನೀರಿನಲ್ಲಿರುವ ಸಣ್ಣ ಪ್ರಾಣಿಗಳು ಕಣಗಳನ್ನು ತಿಂದು ಹಿಕ್ಕೆ ಹಾಕುತ್ತವೆ. ಸಾವಿರಾರು ಕಣ ಒಂದೇ ಗುಳಿಗೆಯಾಗುತ್ತದೆ. ಸತ್ತ ಪಾಚಿಯ ಲೋಳೆಗೆ ಜೇಡಿ, ಚಿಪ್ಪು ಎಲ್ಲಾ ಅಂಟಿ ಹತ್ತಿಯಂಥ ಎಸಳುಗಳಾಗುತ್ತವೆ. ವಿಜ್ಞಾನಿಗಳು ಇದಕ್ಕೆ ಸಾಗರದ ಹಿಮ ಎನ್ನುತ್ತಾರೆ. ನೌಕೆಯ ದೀಪದ ಬೆಳಕಿನಲ್ಲಿ ನಿಜಕ್ಕೂ ಹಿಮ ಬಿದ್ದ ಹಾಗೇ ಕಾಣುತ್ತದೆ. ಈ ಎಸಳುಗಳಲ್ಲಿ ಹಲವು ದಿನಕ್ಕೆ ನೂರು ಮೀಟರಿನಷ್ಟು ಇಳಿಯುತ್ತವೆ. 70 ವರ್ಷದ ದಾರಿ ಒಂದೆರಡು ತಿಂಗಳಿಗೆ ಬಂತು.

ಉಪ್ಪು ಕೂಡ ಅಂಟಿಸುವ ಕೆಲಸ ಮಾಡುತ್ತದೆ. ಸಿಹಿನೀರಿನಲ್ಲಿ ಜೇಡಿಕಣಗಳು ಒಂದನ್ನೊಂದು ದೂರ ತಳ್ಳುತ್ತವೆ, ಅವುಗಳ ಮೈಮೇಲೆ ಒಂದೇ ಬಗೆಯ ವಿದ್ಯುತ್ ಅಂಶ ಇರುತ್ತದೆ. ಉಪ್ಪು ಆ ತಳ್ಳಾಟವನ್ನು ಅಡಗಿಸುತ್ತದೆ. ಮಳೆಗಾಲದಲ್ಲಿ ಮಂಗಳೂರಿನ ಅಳಿವೆಬಾಗಿಲಿನಲ್ಲಿ ನಿಂತವರು ನೋಡಿರುತ್ತೀರಿ, ನೇತ್ರಾವತಿಯ ಕೆಂಪುನೀರು ಸಮುದ್ರದೊಳಕ್ಕೆ ನಾಲಗೆ ಚಾಚಿರುತ್ತದೆ. ಅಲ್ಲಿ ಉಪ್ಪುನೀರು ಬೆರೆತ ಕೂಡಲೇ ಜೇಡಿ ಗಂಟು ಕಟ್ಟಲು ಶುರು. ನಂಬಿಕೆ ಬಾರದಿದ್ದರೆ ಇನ್ನೊಂದು ಬಾಟಲಿಗೆ ಅದೇ ಮಣ್ಣಿನ ಜೊತೆ ಒಂದು ಚಮಚ ಉಪ್ಪು ಹಾಕಿ ಕುಲುಕಿ, ಮೊದಲನೆಯದರ ಪಕ್ಕ ಇಡಿ. ಸಾಮಾನ್ಯವಾಗಿ ಉಪ್ಪಿನದೇ ಬೇಗ ತಿಳಿಯಾಗುತ್ತದೆ.

ಕೋಡಿ ಬಿದ್ದು ಬರುವ ನೀರು

ಇನ್ನು ನೀರಿನ ಕಡೆ ಬರೋಣ. ಹಿಂದೂ ಮಹಾಸಾಗರದ ಮೇಲೆ ಬಿಸಿಲು ಎಷ್ಟೇ ಕಾಯಲಿ, 5,000 ಮೀಟರ್ ಆಳದಲ್ಲಿ ನೀರು 1ರಿಂದ 2 ಡಿಗ್ರಿ ಸೆಲ್ಸಿಯಸ್. ಈ ಥಂಡಿ ಅಲ್ಲಿ ಹುಟ್ಟಿದ್ದಲ್ಲ. ಅಂಟಾರ್ಕ್ಟಿಕಾದಿಂದ ಬಂದದ್ದು.

ಅಲ್ಲಿ ಚಳಿಗಾಲದಲ್ಲಿ ಸಮುದ್ರದ ನೀರು ಹೆಪ್ಪುಗಟ್ಟುತ್ತದೆ. ಬೆಲ್ಲದ ಪಾನಕವನ್ನು ಫ್ರೀಜರಿನಲ್ಲಿ ಅರ್ಧ ಗಟ್ಟಿಯಾಗಲು ಬಿಟ್ಟು ನೋಡಿ: ಐಸು ಸಪ್ಪೆ, ಉಳಿದ ನೀರು ಜಾಸ್ತಿ ಸಿಹಿ. ಸಮುದ್ರದಲ್ಲೂ ಹಾಗೇ. ಐಸು ಉಪ್ಪನ್ನು ಹೊರಗೆ ಬಿಟ್ಟು ಗಟ್ಟಿಯಾಗುತ್ತದೆ. ಕೆಳಗೆ ಉಳಿದ ನೀರು ಇನ್ನಷ್ಟು ಉಪ್ಪು, ಜೊತೆಗೆ ವಿಪರೀತ ತಣ್ಣಗೆ. ಹೀಗಾಗಿ ಭಾರ. ವೆಡೆಲ್ ಸಮುದ್ರ, ರಾಸ್ ಸಮುದ್ರ, ಪೂರ್ವ ಅಂಟಾರ್ಕ್ಟಿಕಾದ ಕೆಲವು ಕರಾವಳಿಗಳಲ್ಲಿ ಈ ಭಾರದ ನೀರು ಇಳಿಜಾರಿನ ಗುಂಟ ಜಾರಿ ತಳ ಸೇರುತ್ತದೆ. ಅಲ್ಲಿಂದ ಉತ್ತರಕ್ಕೆ ಹೊರಡುತ್ತದೆ. ಅಟ್ಲಾಂಟಿಕ್‌ಗೆ ಉತ್ತರದಲ್ಲೂ ಇಂಥದ್ದೊಂದು ತಣ್ಣೀರಿನ ಮೂಲ ಇದೆ. ಹಿಂದೂ ಮಹಾಸಾಗರಕ್ಕಿಲ್ಲ, ಉತ್ತರದಲ್ಲಿ ಏಷ್ಯಾ ಖಂಡ ಅಡ್ಡ ಕೂತಿದೆ. ನಮ್ಮ ಆಳಕ್ಕೆ ಹೊಸ ತಣ್ಣೀರು ಬರುವುದೆಲ್ಲ ದಕ್ಷಿಣದಿಂದ.

ಆದರೆ ಮಧ್ಯದ ಬೋಗುಣಿಗೆ ಅದು ನೇರವಾಗಿ ನುಗ್ಗಲಾರದು, ದಕ್ಷಿಣದಲ್ಲಿ ಬೆಟ್ಟಸಾಲು ತಡೆಯುತ್ತದೆ. ಹಾಗಾಗಿ ಸುತ್ತು ಹಾಕುತ್ತದೆ. ಮೊದಲು ಆಸ್ಟ್ರೇಲಿಯಾ ಪಕ್ಕದ ಬೋಗುಣಿಗೆ ಹೋಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ಈ ಹರಿವು ಆ ಬೋಗುಣಿಯ ಪಶ್ಚಿಮದ ಗೋಡೆಗೆ ಆತುಕೊಂಡು ಉತ್ತರಕ್ಕೆ ಸಾಗುತ್ತದೆ. ಆ ಗೋಡೆ ಯಾವುದು? ಅದೇ ನೈಂಟಿಈಸ್ಟ್ ಬೆಟ್ಟಸಾಲು. ಅದರಲ್ಲಿ 10 ಡಿಗ್ರಿ ದಕ್ಷಿಣದ ಹತ್ತಿರ ಒಂದು, 5 ಡಿಗ್ರಿ ದಕ್ಷಿಣದ ಹತ್ತಿರ ಒಂದು ತಗ್ಗಾದ ಜಾಗಗಳಿವೆ. ಅಲ್ಲಿಂದ ನೀರು ನಮ್ಮ ಬೋಗುಣಿಗೆ ದಾಟುತ್ತದೆ.

ನಮ್ಮ ಊರುಗಳ ಸಾಲುಕೆರೆ ನೋಡಿದವರಿಗೆ ಇದು ಹೊಸದಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಕೋಡಿಯ ಮಟ್ಟಕ್ಕಿಂತ ಕೆಳಗಿರುವ ನೀರು ಮಾತ್ರ ಅಲ್ಲೇ ಉಳಿಯುತ್ತದೆ. ಸಮುದ್ರದಲ್ಲೂ ಆಗುವುದು ಅದೇ. ಆಸ್ಟ್ರೇಲಿಯಾ ಕಡೆಯ ಬೋಗುಣಿಯ ತಳದ ಅತಿ ತಣ್ಣನೆಯ ನೀರು ಕೋಡಿ ಹತ್ತಲಾರದೆ ಉಳಿದುಬಿಡುತ್ತದೆ. ದಾಟಿ ಬರುವುದು ಅದರ ಮೇಲಿನ, ಸ್ವಲ್ಪ ಬೆಚ್ಚಗಿನ ಪದರ. ಅದಕ್ಕೇ ಗೋಡೆಯ ಆಚೆ ಈಚೆ ಒಂದೇ ಆಳದಲ್ಲಿ ಅಳೆದರೂ ನಮ್ಮ ಬೋಗುಣಿಯ ನೀರು ಒಂದಿಷ್ಟು ಕಮ್ಮಿ ಥಂಡಿ. ಬರೀ ಥರ್ಮಾಮೀಟರ್ ಓದಿ ನೀರಿನ ದಾರಿ ಪತ್ತೆ ಮಾಡಬಹುದು ಎನ್ನುವುದು ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ಸಂಗತಿ.

ಒಳಗೆ ಬಂದ ನೀರು ಹೊರಗೆ ಹೋಗಲೇಬೇಕು ಅಲ್ವಾ? ಮೇಲಿನ ಬೆಚ್ಚನೆಯ ನೀರಿನ ಜೊತೆ ಸ್ವಲ್ಪ ಸ್ವಲ್ಪವೇ ಬೆರೆತು, ಹಗುರಾಗಿ, ಮೇಲೇರಿ, ಮತ್ತೆ ದಕ್ಷಿಣಕ್ಕೆ ಹಿಂತಿರುಗುತ್ತದೆ. ಇಷ್ಟಾಗಲು ನೂರಾರು ವರ್ಷ ಬೇಕು. ತಳದಲ್ಲಿ ಹರಿವಿನ ವೇಗ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್, ಹೆಚ್ಚೆಂದರೆ ಇರುವೆಯ ನಡಿಗೆ.

ತಳದ ಮಬ್ಬು

1965ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಮಾರಿಸ್ ಯೂಯಿಂಗ್ ಮತ್ತು ಎಡ್ವರ್ಡ್ ಥಾರ್ನ್‌ಡೈಕ್ ಅಟ್ಲಾಂಟಿಕ್‌ನ ಆಳಕ್ಕೆ ಬೆಳಕು, ಕ್ಯಾಮೆರಾ ಇಳಿಸಿ ಒಂದು ವಿಚಿತ್ರ ಕಂಡರು. ಆಳಕ್ಕೆ ಹೋದಂತೆ ನೀರು ತಿಳಿಯಾಗುತ್ತಾ ಹೋಗುತ್ತದೆ. ಆದರೆ ತಳ ಹತ್ತಿರ ಬಂದಾಗ ಮತ್ತೆ ಮಸುಕು. ತಿಳಿಸಾರಿನ ಪಾತ್ರೆಯಲ್ಲಿ ಸೌಟು ತಳ ಮುಟ್ಟುವ ಹೊತ್ತಿಗೆ ಗಸಿ ಎದ್ದ ಹಾಗೆ. ಈ ಪದರಕ್ಕೆ ಅವರು ಗ್ರೀಕ್ ಭಾಷೆಯ ‘ಮೋಡ’ ಎಂಬ ಪದದಿಂದ ನೆಫೆಲಾಯ್ಡ್ ಪದರ ಎಂದು ಹೆಸರಿಟ್ಟರು. ನಾವು ತಳದ ಮಬ್ಬು ಎನ್ನೋಣ. ಕೆಲವು ಕಡೆ ಇದು ನೂರಾರು ಮೀಟರ್ ಎತ್ತರ ಇರುತ್ತದೆ.

ಸೌಟು ಆಡಿಸುವವರು ಯಾರು? ಕೆನಡಾದ ನೋವಾ ಸ್ಕೋಶಿಯಾದ ದಕ್ಷಿಣಕ್ಕೆ, ಸುಮಾರು 4,800 ಮೀಟರ್ ಆಳದಲ್ಲಿ 1980ರ ದಶಕದಲ್ಲಿ ಉಪಕರಣಗಳನ್ನಿಟ್ಟು ನೋಡಿದಾಗ ಗೊತ್ತಾಯಿತು, ಅಲ್ಲಿ ಆಗಾಗ ಬಿರುಗಾಳಿಯಂತೆ ನೀರು ಬೀಸುತ್ತದೆ. ದಿನಗಟ್ಟಲೆ ಜೋರಾಗಿ ಹರಿದು ತಳದ ಮಣ್ಣನ್ನು ಎಬ್ಬಿಸಿ ಒಯ್ಯುತ್ತದೆ, ಆಮೇಲೆ ಶಾಂತ. ಜಗತ್ತಿನ ಸಾಗರಗಳ ಅಳತೆಗಳನ್ನೆಲ್ಲ ಸೇರಿಸಿ ನಕ್ಷೆ ಮಾಡಿದಾಗ ಇನ್ನೊಂದು ವಿಷಯ ಎದ್ದು ಕಂಡಿತು. ಮೇಲ್ಮೈಯಲ್ಲಿ ಸುಳಿಗಳು ಜೋರಾಗಿರುವ ಕಡೆಯೇ ಕೆಳಗೆ ಮಬ್ಬು ದಟ್ಟ. ಐದು ಕಿಲೋಮೀಟರ್ ಮೇಲಿನ ಗಲಾಟೆ ತಳಕ್ಕೂ ಮುಟ್ಟುತ್ತದೆ. ವಾಯವ್ಯ ಅಟ್ಲಾಂಟಿಕ್, ಅರ್ಜೆಂಟೀನಾ ಪಕ್ಕದ ಬೋಗುಣಿ, ದಕ್ಷಿಣ ಆಫ್ರಿಕಾದ ಕೆಳಗಿನ ಭಾಗ ಇಂಥವು.

ಮಧ್ಯ ಹಿಂದೂ ಮಹಾಸಾಗರದ ಬೋಗುಣಿ ಹಾಗಲ್ಲ. ಹರಿವು ಮಂದ, ನದಿಗಳು ದೂರ, ಮೇಲಿನಿಂದ ಬೀಳುವ ಹಿಮವೂ ಕಡಿಮೆ. ಮಬ್ಬು ತೀರಾ ತೆಳು. ಗಡ್ಡೆಗಳ ಮೇಲೆ ಕೂತ ಸ್ಪಂಜುಗಳು, ಕೆಸರಿನಲ್ಲಿ ತೆವಳುವ ಸಮುದ್ರ ಸೌತೆಗಳು ಎಲ್ಲಾ ಒಗ್ಗಿಹೋಗಿರುವುದು ಈ ತಿಳಿನೀರಿಗೆ. ಅರ್ಜೆಂಟೀನಾದ ಬೋಗುಣಿಯಲ್ಲಿ ದಿನನಿತ್ಯದ್ದಾದ ಮಬ್ಬು ಇಲ್ಲಿ ಎದ್ದರೆ ಇಲ್ಲಿಯ ಜೀವಿಗಳಿಗೆ ಅದು ಕಂಡರಿಯದ್ದು.

ಅಳೆಯುವ ಬಗೆ

ಹಳೆಯ ಹೆಂಚಿನ ಮನೆಯಲ್ಲಿ ಸಂದಿಯಿಂದ ಬಿಸಿಲುಕೋಲು ಒಳಗೆ ಬಿದ್ದಾಗ ಅದುವರೆಗೆ ಕಾಣದಿದ್ದ ಧೂಳು ಮಿನುಗುತ್ತದೆ. ಸಾಗರದಲ್ಲೂ ಅದೇ ಉಪಾಯ. ಒಂದು ಉಪಕರಣ ಗೇಣುದ್ದದ ನೀರಿನ ಮೂಲಕ ಬೆಳಕು ಬಿಟ್ಟು, ಆಚೆ ಎಷ್ಟು ಮುಟ್ಟಿತು ಎಂದು ಅಳೆಯುತ್ತದೆ. ಇನ್ನೊಂದು, ಬೆಳಕು ಎಷ್ಟು ಚದುರಿತು ಎಂದು ನೋಡುತ್ತದೆ. ಖಾತರಿಗೆ ಆಳದಿಂದ ನೀರು ತಂದು, ಸೋಸಿ, ಸೋಸುಹಾಳೆಯನ್ನು ತೂಗುತ್ತಾರೆ.

ಬೀಳುವ ಕಣಗಳಿಗೆ ಬೇರೆ ವ್ಯವಸ್ಥೆ ಬೇಕು. ದೊಡ್ಡ ಆಲಿಕೆ, ಅದರ ಕೆಳಗೆ ವೃತ್ತಾಕಾರದಲ್ಲಿ ಜೋಡಿಸಿದ ಬಾಟಲಿಗಳು. ಕೆಲವು ವಾರಕ್ಕೊಮ್ಮೆ ಚಕ್ರ ತಿರುಗಿ ಹೊಸ ಬಾಟಲಿ ಆಲಿಕೆಯ ಬಾಯಿಗೆ ಬರುತ್ತದೆ. ಇಡೀ ಸರಂಜಾಮನ್ನು ಹಗ್ಗ, ತೇಲುಗೋಳ, ಭಾರದ ಕಲ್ಲು ಕಟ್ಟಿ ಮುಳುಗಿಸಿ ಬರುತ್ತಾರೆ. ತಿಂಗಳುಗಟ್ಟಲೆ ಆದ ಮೇಲೆ ಹಡಗು ಅಲ್ಲಿಗೇ ಹೋಗಿ ಶಬ್ದದ ಸಂಕೇತ ಕೊಟ್ಟರೆ ಕೊಂಡಿ ಬಿಚ್ಚಿಕೊಂಡು, ಕಲ್ಲು ಉಳಿದು, ಉಳಿದದ್ದು ಮೇಲೆ ತೇಲಿ ಬರುತ್ತದೆ. ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾಲಯದವರು 1986ರಿಂದ ಅರಬ್ಬಿ ಸಮುದ್ರದಲ್ಲಿ ಹೀಗೆ ಆಲಿಕೆಗಳನ್ನಿಟ್ಟರು. ಮುಂಗಾರಿನ ಬಾಟಲಿಗಳಲ್ಲಿ ಹೆಚ್ಚು ಕಣ ಸಿಕ್ಕಿತು. ನಮ್ಮ ಅಂಗಳಕ್ಕೆ ಮಳೆ ತರುವ ಅದೇ ಗಾಳಿ ಸಮುದ್ರವನ್ನು ಕಲಕಿ, ಪಾಚಿ ಬೆಳೆಸಿ, ಕೆಲವೇ ವಾರಗಳಲ್ಲಿ ಆಳದ ಕತ್ತಲಿಗೂ ಊಟ ಕಳಿಸುತ್ತದೆ.

ಯಂತ್ರ ಇಳಿದಾಗ

ಗಡ್ಡೆ ಎತ್ತುವ ಯಂತ್ರ ಗಡ್ಡೆಯ ಜೊತೆ ಕೆಸರನ್ನೂ ಎತ್ತುತ್ತದೆ. ಮಬ್ಬು ಎರಡು ಕಡೆ ಏಳಬಹುದು. ಒಂದು ತಳದಲ್ಲಿ, ಯಂತ್ರದ ಹಿಂದೆ. ಇನ್ನೊಂದು, ಹಡಗಿನಲ್ಲಿ ಗಡ್ಡೆ ಬೇರ್ಪಡಿಸಿದ ಮೇಲೆ ಉಳಿದ ಕೆಸರುನೀರನ್ನು ವಾಪಸು ಬಿಡುವ ಆಳದಲ್ಲಿ.

ಮೊದಲನೆಯದನ್ನು 2021ರಲ್ಲಿ ಪೆಸಿಫಿಕ್‌ನಲ್ಲಿ ಒಂದು ಯಂತ್ರದ ಹಿಂದೆಯೇ ಅಳೆದರು. ಎದ್ದ ಕೆಸರಿನಲ್ಲಿ ಶೇ. 92ರಿಂದ 98ರಷ್ಟು ತಳದಿಂದ ಎರಡು ಮೀಟರ್ ಒಳಗೇ ಉಳಿಯಿತು. ಕೆಸರುನೀರು ಸುತ್ತಲಿನ ನೀರಿಗಿಂತ ಭಾರವಾದ್ದರಿಂದ ದೋಸೆಹಿಟ್ಟಿನ ಹಾಗೆ ನೆಲಕ್ಕಂಟಿ ಹರಡಿತು. ಉಳಿದ ಶೇ. 2ರಿಂದ 8 ಭಾಗ ಎರಡು ಮೀಟರ್ ದಾಟಿ ಮೇಲೆದ್ದಿತು. ದೂರ ಹೋಗಬಲ್ಲದ್ದು ಇದೇ. 5 ಮೀಟರ್ ಎತ್ತರ ಎದ್ದ ಒಂಟಿ ಜೇಡಿಕಣ, ದಿನಕ್ಕೆ ಗೇಣಿನ ಲೆಕ್ಕದಲ್ಲಿ, ಕೂರಲು 25 ದಿನ. ಹರಿವು ಸೆಕೆಂಡಿಗೆ 3 ಸೆಂಟಿಮೀಟರ್ ಆದರೆ ದಿನಕ್ಕೆ 2.6 ಕಿಲೋಮೀಟರ್. ಒಟ್ಟು ಸುಮಾರು 65 ಕಿಲೋಮೀಟರ್. ಕಣಗಳು ಒಂದಕ್ಕೊಂದು ಅಂಟಿದರೆ ಇದಕ್ಕಿಂತ ಬೇಗ ಕೂರುತ್ತವೆ. ಹರಿವು ಉಬ್ಬರವಿಳಿತಕ್ಕೆ ಹಿಂದೆ ಮುಂದೆ ತೂಗಾಡಿದರೂ ದೂರ ಕಡಿಮೆಯಾಗುತ್ತದೆ. ಎರಡನೇ ಮಬ್ಬಿನಲ್ಲಿ ಕಣ ಬೀಳಬೇಕಾದ ದಾರಿಯೇ ಸಾವಿರಾರು ಮೀಟರ್ ಇರಬಹುದು. ಕೆಸರುನೀರನ್ನು ಎಷ್ಟು ಆಳದಲ್ಲಿ ಬಿಡಬೇಕು ಎಂಬ ಚರ್ಚೆ ಇಷ್ಟು ಬಿಸಿಯಾಗಿರುವುದು ಅದಕ್ಕೇ.

ನಮ್ಮ ಬೋಗುಣಿಯಲ್ಲೂ ಪ್ರಯೋಗ ನಡೆದಿದೆ. 1997ರಲ್ಲಿ ಗೋವಾದ ವಿಜ್ಞಾನಿಗಳು ಸುಮಾರು 5,400 ಮೀಟರ್ ಆಳದಲ್ಲಿ, 3 ಕಿಲೋಮೀಟರ್ ಉದ್ದ, 200 ಮೀಟರ್ ಅಗಲದ ಪಟ್ಟಿಯೊಂದರಲ್ಲಿ ಬೇಕೆಂದೇ ಕೆಸರು ಎಬ್ಬಿಸಿದರು. ಅದು ಎತ್ತ ಹೋಯಿತು, ಎಲ್ಲಿ ಕೂತಿತು, ಜೀವಿಗಳು ಏನಾದವು ಎಂದು ನೋಡುವುದೇ ಉದ್ದೇಶ. ಮುಂದಿನ ವರ್ಷಗಳಲ್ಲಿ ಮತ್ತೆ ಮತ್ತೆ ಅಲ್ಲಿಗೆ ಹೋಗಿ ಮಾದರಿ ತಂದರು.

ಪೆರು ದೇಶದ ಪಕ್ಕದ ಪೆಸಿಫಿಕ್ ಆಳದಲ್ಲಿ 1989ರಲ್ಲಿ ಇಂಥದ್ದೇ ಇನ್ನೊಂದು ಪ್ರಯೋಗಕ್ಕೆ ನೇಗಿಲಿನಂಥ ಸಾಧನ ಎಳೆದಿದ್ದರು. 26 ವರ್ಷದ ಮೇಲೆ, 2015ರಲ್ಲಿ ಕ್ಯಾಮೆರಾ ಇಳಿಸಿದಾಗ ಆ ಉಳುಮೆಯ ಗೆರೆಗಳು ಹಾಗೇ ಇದ್ದವು. ಗೆರೆಗಳೊಳಗಿನ ಸೂಕ್ಷ್ಮಜೀವಿಗಳ ಚಟುವಟಿಕೆ ಇನ್ನೂ ಮೊದಲಿನಂತಾಗಿರಲಿಲ್ಲ. ನಮ್ಮ ಬೋಗುಣಿಯ ಗಡ್ಡೆಗಳಿರುವ ಕಡೆ ಹೊಸ ಕೆಸರು ಕೂರುವುದು ಸಾವಿರ ವರ್ಷಕ್ಕೆ ಕೆಲವೇ ಮಿಲಿಮೀಟರ್. ಎರಡು ಮಿಲಿಮೀಟರ್ ಎಂದು ಹಿಡಿದರೆ, ಹತ್ತು ಸೆಂಟಿಮೀಟರ್ ಆಳದ ಒಂದು ಗೆರೆ ಮೇಲಿನಿಂದ ಬೀಳುವ ಕಣಗಳಿಂದಲೇ ತುಂಬಲು 50,000 ವರ್ಷ ಬೇಕು.